ಕೊಡುವ ಮೊದಲು ಪಾಸ್‌ಬುಕ್ ನೋಡಬೇಕು: ಊರಿನ ಸಣ್ಣ ಸಹಾಯನಿಧಿಯಲ್ಲಿ ನನ್ನ ಅನುಭವ

ಮಲೆನಾಡಿನಲ್ಲಿ ಅಡಿಕೆ ಮರ ಹತ್ತಿದವರು ಬೀಳುವ ಕಾಲ ಎರಡು: ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ ಒಮ್ಮೆ, ಆಮೇಲೆ ಅಡಿಕೆಯ ಕೊನೆ, ಅಂದರೆ ಗೊನೆ, ತೆಗೆಯುವಾಗ ಮತ್ತೊಮ್ಮೆ. ಸಾಗರ ತಾಲ್ಲೂಕಿನಲ್ಲಿ ನಾವು ಐದು ಮಂದಿ ಸೇರಿ ನಡೆಸುವ ಸಹಾಯನಿಧಿಗೆ ಆ ತಿಂಗಳುಗಳಲ್ಲಿ ಅರ್ಜಿಗಳು ಹೆಚ್ಚು. ಹಾಗೆ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಎರಡೂ ಕಾಲುಗಳ ಸ್ವಾಧೀನ ಕಳೆದುಕೊಂಡಿದ್ದ ಒಬ್ಬರ ಹೆಂಡತಿ ನಮ್ಮಲ್ಲಿಗೆ ಬಂದು ಕೇಳಿದ್ದು 10,000 ರೂಪಾಯಿ. ಬ್ಯಾಂಕಿನ ಕೌಂಟರಿನಲ್ಲಿ ಮೂರು ದಶಕ ಕುಳಿತ ಅಭ್ಯಾಸದಿಂದ ನಾನು ಗಂಡನ ಪಾಸ್‌ಬುಕ್ ತರಲು ಹೇಳಿದೆ. ಜೂನ್ ತಿಂಗಳ ಸಾಲುಗಳ ನಡುವೆ 20 ರೂಪಾಯಿ ಕಡಿತವಾದ ಒಂದು ನಮೂದಿತ್ತು. ‘ಅದು ಬ್ಯಾಂಕಿನವರು ಹಿಡಿಯೋ ಚಾರ್ಜು ಮೇಡಂ, ಪ್ರತಿ ವರ್ಷ ಹಿಡೀತಾರೆ’ ಎಂದರು ಆಕೆ. ಅದು ಚಾರ್ಜು ಆಗಿರಲಿಲ್ಲ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ವಾರ್ಷಿಕ ಕಂತು. ಅಪಘಾತದಲ್ಲಿ ಸತ್ತರೆ, ಅಥವಾ ಎರಡೂ ಕಾಲುಗಳ ಬಳಕೆ ಶಾಶ್ವತವಾಗಿ ತಪ್ಪಿದರೆ, ಅದರಿಂದ ಬರುವ ಮೊತ್ತ 2 ಲಕ್ಷ ರೂಪಾಯಿ.

ಆ ಯೋಜನೆಯ ನಿಯಮಗಳಲ್ಲಿ, ಹಾವು ಕಚ್ಚಿದಾಗ ಅಥವಾ ಮರದಿಂದ ಬಿದ್ದಾಗ ಪೊಲೀಸ್ ದೂರಿನ ಬದಲು ತಕ್ಷಣದ ಆಸ್ಪತ್ರೆಯ ದಾಖಲೆಯನ್ನು ಆಧಾರವಾಗಿ ಪರಿಗಣಿಸಬಹುದೆಂದು ಬರೆದಿದೆ. ಮಲೆನಾಡಿನವರಿಗೆಂದೇ ಬರೆದಂತಿರುವ ಆ ಸಾಲು ನಮ್ಮ ಹಳ್ಳಿಗಳಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಆಕೆ ಕೇಳಿದ 10,000 ರೂಪಾಯಿಯನ್ನೂ ನಾವು ಕೊಟ್ಟೆವು. ಆದರೆ ಅದು ಶಿವಮೊಗ್ಗಕ್ಕೆ ಅಂಗವಿಕಲತೆಯ ಪ್ರಮಾಣಪತ್ರಕ್ಕಾಗಿ ರೋಗಿಯನ್ನು ಮಲಗಿಸಿಕೊಂಡು ಹೋಗಿ ಬರುವ ವಾಹನದ ಬಾಡಿಗೆಗೆ, ಬೆನ್ನು ಹುಣ್ಣಾಗದಂತೆ ಗಾಳಿಹಾಸಿಗೆಗೆ ಮತ್ತು ಆಕೆ ಕೂಲಿ ಬಿಟ್ಟು ಕಚೇರಿಗಳಿಗೆ ಅಲೆದ ದಿನಗಳ ದಿನಸಿಗೆ ಹೋಯಿತು. ವಿಮೆಯ ಹಣ ಬರಲು ತಿಂಗಳುಗಳು ಹಿಡಿದವು. ಬಂದಾಗ ಅದು ನಮ್ಮಂಥ ನಿಧಿ ಒಂದು ಮನೆಗೆ ಎಂದೂ ಕೊಡಲಾಗದಷ್ಟು ದೊಡ್ಡ ಮೊತ್ತವಾಗಿತ್ತು. ಸಣ್ಣ ಸಹಾಯನಿಧಿಯ ಹಣ ಯಾವುದಕ್ಕಾಗಿ ಇರಬೇಕೆಂಬುದು ನನಗೆ ಸ್ಪಷ್ಟವಾದದ್ದು ಆ ಮನೆಯಿಂದಲೇ. ಕುಟುಂಬಕ್ಕೆ ಹಕ್ಕಾಗಿ ಬರಬೇಕಾದದ್ದು ಎಲ್ಲೋ ಇರುತ್ತದೆ, ಅಲ್ಲಿಗೆ ತಲುಪುವ ದಾರಿಯ ಖರ್ಚು ಅವರ ಕೈಯಲ್ಲಿರುವುದಿಲ್ಲ. ಆ ಖರ್ಚನ್ನು ನಾವು ಕೊಡಬೇಕು.

ಈ ತಿಳಿವಳಿಕೆ ಆರಂಭದಲ್ಲಿ ನಮಗಿರಲಿಲ್ಲ. 2016ರಲ್ಲಿ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಟ್ರಸ್ಟ್ ಪತ್ರ ನೋಂದಣಿಯಾದ ಮೇಲೆ ನಾವು ಮಾಡಿದ ಮೊದಲ ಕೆಲಸವೆಂದರೆ ಒಂದು ಸಭಾಂಗಣ ಹಿಡಿದು, ಫಲಾನುಭವಿಗಳನ್ನು ಒಬ್ಬೊಬ್ಬರನ್ನಾಗಿ ವೇದಿಕೆಗೆ ಕರೆದು, ಎಲ್ಲರಿಗೂ ಸಮನಾಗಿ 5,000 ರೂಪಾಯಿಯ ಲಕೋಟೆ ಕೊಟ್ಟು ಫೋಟೋ ತೆಗೆಸಿದ್ದು. ಗಂಡ ತೀರಿಕೊಂಡು ಎರಡು ತಿಂಗಳಾಗಿದ್ದ ಒಬ್ಬಾಕೆ ಫೋಟೋ ತೆಗೆಯುವವರು ‘ಈ ಕಡೆ ನೋಡಿ’ ಎಂದಾಗ ಸೆರಗನ್ನು ಮುಖಕ್ಕೆ ಎಳೆದುಕೊಂಡು ನಿಂತರು. ಆ ಚಿತ್ರ ಇಂದಿಗೂ ನಮ್ಮ ಕಡತದಲ್ಲಿದೆ. ನಾನು ಅದನ್ನು ತೆಗೆದುಹಾಕಿಲ್ಲ. ಹೊಸದಾಗಿ ಟ್ರಸ್ಟಿಗಳಾಗಿ ಸೇರುವವರಿಗೆ ತೋರಿಸುತ್ತೇನೆ. ಅಂದಿನಿಂದ ಇಂದಿನವರೆಗೆ ವಿತರಣಾ ಸಮಾರಂಭ ಎಂಬುದನ್ನು ನಾವು ನಡೆಸಿಲ್ಲ. ದಾನಿಗಳು ಫೋಟೋ ಕೇಳಿದಾಗ ಆಸ್ಪತ್ರೆಯ ಅಥವಾ ಕಾಲೇಜಿನ ರಸೀದಿಯ ಪ್ರತಿಯನ್ನು, ಹೆಸರು ಮುಚ್ಚಿ ಕಳಿಸುತ್ತೇವೆ. ಇದರಿಂದ ಕೆಲವು ದಾನಿಗಳು ದೂರವಾದದ್ದೂ ನಿಜ, ಉಳಿದವರು ಗಟ್ಟಿಯಾಗಿ ಉಳಿದದ್ದೂ ನಿಜ.

ಈಗ ಅರ್ಜಿ ಬಂದರೆ ನಮ್ಮಲ್ಲಿ ಇಬ್ಬರು ಆ ಮನೆಗೆ ಹೋಗುತ್ತೇವೆ, ಇಬ್ಬರಲ್ಲಿ ಒಬ್ಬರಾದರೂ ಹೆಂಗಸಾಗಿರಬೇಕು. ಹೋಗುವುದು ಬಡತನದ ಪರೀಕ್ಷೆಗಲ್ಲ. ಅಡುಗೆಮನೆಯ ಡಬ್ಬಿಗಳನ್ನು ಕಣ್ಣಲ್ಲೇ ಅಳೆಯುವುದು, ಟಿವಿ ಇದೆಯೇ ಎಂದು ನೋಡುವುದು ನಮಗೆ ಬೇಡದ ಕೆಲಸ, ಏಕೆಂದರೆ ಟಿವಿ ಒಳ್ಳೆಯ ದಿನಗಳಲ್ಲಿ ಕೊಂಡದ್ದಿರುತ್ತದೆ, ಕಷ್ಟ ನಿನ್ನೆ ಬಂದದ್ದಿರುತ್ತದೆ. ಹೋಗುವುದು ಕಾಗದಗಳಿಗಾಗಿ. ಬಹುತೇಕ ಮನೆಗಳಲ್ಲಿ ಅವೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ, ದೇವರ ಗೂಡಿನ ಹತ್ತಿರವೋ ಕಬ್ಬಿಣದ ಟ್ರಂಕಿನಲ್ಲೋ ಇರುತ್ತವೆ. ಆ ಚೀಲವನ್ನು ಚಾಪೆಯ ಮೇಲೆ ಬಿಚ್ಚಿ, ಮನೆಯವರೊಂದಿಗೆ ಕುಳಿತು ಒಂದೊಂದನ್ನೇ ಓದುವುದಕ್ಕೆ ಒಂದು ಗಂಟೆಯಾದರೂ ಬೇಕು.

ದುಡಿಯುವವರು ತೀರಿಕೊಂಡ ಮನೆಯಾದರೆ ನಾನು ನೋಡುವ ಕ್ರಮ ಹೀಗಿದೆ. ಪಾಸ್‌ಬುಕ್ಕಿನಲ್ಲಿ 436 ರೂಪಾಯಿ ಕಡಿತವಾಗಿದೆಯೇ, ಆಗಿದ್ದರೆ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾ ಯೋಜನೆ, ಸಾವು ಯಾವ ಕಾರಣದಿಂದಾದರೂ 2 ಲಕ್ಷ ರೂಪಾಯಿ. 2022ಕ್ಕಿಂತ ಹಿಂದಿನ ಪುಟಗಳಾದರೆ ಕಂತು 330 ರೂಪಾಯಿ ಎಂದಿರುತ್ತದೆ. ಕಾರ್ಖಾನೆಯಲ್ಲೋ ಅಂಗಡಿಯಲ್ಲೋ ಪಿಎಫ್ ಕಟ್ಟಿಸಿಕೊಂಡು ದುಡಿಯುತ್ತಿದ್ದವರಾದರೆ ಪಿಎಫ್ ಹಣವಲ್ಲದೆ ಅದೇ ಕಚೇರಿಯಿಂದ ವಿಮೆಯ ಮೊತ್ತವೂ ಹೆಂಡತಿ ಮಕ್ಕಳಿಗೆ ಪಿಂಚಣಿಯೂ ಬರಬೇಕು. ಮನೆ ಬಿಪಿಎಲ್ ಆಗಿದ್ದು ತೀರಿಕೊಂಡವರ ವಯಸ್ಸು 18ರಿಂದ 59ರ ಒಳಗಿದ್ದರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯ 20,000 ರೂಪಾಯಿಗೆ ಅರ್ಜಿ ಹಾಕಬೇಕು, ಜೊತೆಗೆ ವಿಧವಾ ವೇತನಕ್ಕೂ. ಇವೆಲ್ಲಕ್ಕೂ ಮರಣ ಪ್ರಮಾಣಪತ್ರ ಬೇಕಾದ್ದರಿಂದ ಅದರ ಪ್ರತಿಗಳನ್ನು ಒಂದೇ ಸಲಕ್ಕೆ ಹೆಚ್ಚು ತೆಗೆಸಿಡಲು ಹೇಳುತ್ತೇವೆ.

ಇನ್ನೊಂದು ಕಾಗದವನ್ನು ಮನೆಯವರು ಸಾಮಾನ್ಯವಾಗಿ ತೋರಿಸಲು ಹಿಂಜರಿಯುತ್ತಾರೆ, ಅದು ಸಂಘದ ಸಾಲದ ಪುಸ್ತಕ. ಕಿರುಸಾಲ ಸಂಸ್ಥೆಗಳ ಗುಂಪು ಸಾಲಗಳಲ್ಲಿ ಸಾಲ ಕೊಡುವಾಗಲೇ ವಿಮೆಯ ಹಣ ಹಿಡಿದುಕೊಳ್ಳುವ ರೂಢಿಯಿದೆ, ಮತ್ತು ಎಷ್ಟೋ ಸಾಲಗಳಲ್ಲಿ ಸಾಲಗಾರ್ತಿಗಷ್ಟೇ ಅಲ್ಲದೆ ಆಕೆಯ ಗಂಡನ ಜೀವಕ್ಕೂ ವಿಮೆ ಇರುತ್ತದೆ. ನಾನು ಹೋದ ಒಂದು ಮನೆಯಲ್ಲಿ ಗಂಡ ಸತ್ತು ಮೂರು ತಿಂಗಳಾಗಿದ್ದರೂ ಆಕೆ ಅಡಿಕೆ ಸುಲಿದು ಬಂದ ಕೂಲಿಯಿಂದ ವಾರದ ಕಂತನ್ನು ತಪ್ಪದೆ ಕಟ್ಟುತ್ತಿದ್ದರು. ಸಾಲದ ಕಾರ್ಡಿನ ಹಿಂಬದಿಯಲ್ಲಿ ಗಂಡನ ಹೆಸರಿನ ಮುಂದೆ ವಿಮೆ ಎಂದು ಅಚ್ಚಾಗಿತ್ತು, ಅದನ್ನು ಆಕೆಗೆ ಯಾರೂ ಓದಿ ಹೇಳಿರಲಿಲ್ಲ. ಮರಣ ಪ್ರಮಾಣಪತ್ರದೊಂದಿಗೆ ಬರಹದಲ್ಲಿ ಕೇಳಿದ ಮೇಲೆ ಬಾಕಿ ಸಾಲ ಚುಕ್ತಾ ಆಯಿತು, ಹೆಚ್ಚಾಗಿ ಕಟ್ಟಿದ ಕಂತುಗಳೂ ಹಿಂದಿರುಗಿದವು. ನಮ್ಮ ನಿಧಿಯಿಂದ ಆ ಮನೆಗೆ ಹೋದದ್ದು ಮಕ್ಕಳ ಸಮವಸ್ತ್ರ ಮತ್ತು ಪುಸ್ತಕದ ಖರ್ಚು ಮಾತ್ರ. ಸಾಲ ತೀರಿಸಲು ನಾವು ಹಣ ಕೊಡುವುದಿಲ್ಲ ಎಂಬ ನಿಯಮ ಕಠಿಣವೆಂದು ನಮ್ಮಲ್ಲೇ ಕೆಲವರಿಗೆ ಅನಿಸುತ್ತದೆ, ಆದರೆ ಒಂದು ಸಂಘದ ಕಂತಿಗೆ ಕೊಟ್ಟ ಹಣ ಇನ್ನೊಂದು ಸಂಘದವರನ್ನು ಬಾಗಿಲಿಗೆ ತರುವುದನ್ನು ನಾನು ಕಂಡಿದ್ದೇನೆ. ವಸೂಲಿಗೆ ಬಂದವರು ಬೆದರಿಸುತ್ತಿದ್ದರೆ ಅದು ಬೇರೆ ವಿಷಯ. ಕರ್ನಾಟಕದಲ್ಲಿ 2025ರಿಂದ ಅದನ್ನು ತಡೆಯುವ ಪ್ರತ್ಯೇಕ ಕಾನೂನಿದೆ, ಅಂಥಲ್ಲಿ ನಾವು ಮನೆಯವರ ಜೊತೆಗೆ ಠಾಣೆಗೆ ಹೋಗುತ್ತೇವೆ.

ಕಾಯಿಲೆಯ ಅರ್ಜಿಗಳೇ ನಮ್ಮಲ್ಲಿ ಅತಿ ಹೆಚ್ಚು, ಮತ್ತು ಅತಿ ಹೆಚ್ಚು ಸಂಕಟ ಕೊಡುವುದೂ ಅವೇ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಚಿಕಿತ್ಸೆಯ ದರದ ಶೇ. 30ರಂತೆ 1.5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಆದರೆ ತುರ್ತು ಸಂದರ್ಭವಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದ ಚಿಕಿತ್ಸೆಯೆಂದು ರೆಫರಲ್ ಪತ್ರ ಪಡೆದೇ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಗಾಬರಿಯಲ್ಲಿ ನೇರವಾಗಿ ದೊಡ್ಡ ಆಸ್ಪತ್ರೆ ಸೇರಿ, ಮುಂಗಡ ಕಟ್ಟಿ, ಬಿಲ್ಲು ಕೈಗೆ ಬಂದ ಮೇಲೆ ನಮ್ಮಲ್ಲಿಗೆ ಬರುವವರಿಗೆ ನಾವು ಮಾಡಬಹುದಾದದ್ದು ಬಹಳ ಕಡಿಮೆ. ಆದ್ದರಿಂದ ಊರೂರಿನ ಆಶಾ ಕಾರ್ಯಕರ್ತೆಯರ ಬಳಿ ನಮ್ಮ ದೂರವಾಣಿ ಸಂಖ್ಯೆಯನ್ನು ಕೊಟ್ಟು, ಮನೆಯಲ್ಲಿ ಶಸ್ತ್ರಚಿಕಿತ್ಸೆಯ ಮಾತು ಬಂದ ದಿನವೇ, ಬಿಲ್ಲು ಬರುವವರೆಗೆ ಕಾಯದೆ, ಕರೆ ಮಾಡಿಸಿ ಎಂದು ಕೇಳಿಕೊಂಡಿದ್ದೇವೆ. ನಾನು ಮಾಡಿದ ಕೆಲಸಗಳಲ್ಲಿ ಹೆಚ್ಚು ಹಣ ಉಳಿಸಿದ ಕೆಲಸ ಇದೇ ಎಂದು ನನ್ನ ನಂಬಿಕೆ.

ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಮೂರು ವಾರಕ್ಕೊಮ್ಮೆ ಕಿಮೊಗೆ ಹೋಗುವ ಒಬ್ಬ ತಾಯಿಯ ವಿಷಯದಲ್ಲಿ, ಚಿಕಿತ್ಸೆ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನಡೆಯುತ್ತಿತ್ತು, ಆದರೆ ಹೋಗಿ ಬರುವ ಖರ್ಚಿಗೆ ಹಣವಿಲ್ಲದೆ ಒಂದು ಸರದಿಯನ್ನು ತಪ್ಪಿಸಿಕೊಂಡಿದ್ದರು. ಕ್ಯಾನ್ಸರ್ ಚಿಕಿತ್ಸೆಗೆ ರೈಲಿನಲ್ಲಿ ಹೋಗುವವರಿಗೆ ಸ್ಲೀಪರ್ ದರ್ಜೆಯಲ್ಲಿ ಟಿಕೆಟ್ ಪೂರ್ತಿ ಉಚಿತ, ಜೊತೆಗಿರುವ ಒಬ್ಬರಿಗೆ ಶೇ. 75ರ ರಿಯಾಯಿತಿ, ಅದಕ್ಕೆ ಬೇಕಾದದ್ದು ಆಸ್ಪತ್ರೆಯಿಂದ ತುಂಬಿಸಿದ ಒಂದು ನಮೂನೆ. ಅವರು ಈಗ ಸಾಗರದಿಂದ ರಾತ್ರಿಯ ರೈಲಿನಲ್ಲಿ ಮಲಗಿಕೊಂಡು ಹೋಗುತ್ತಾರೆ. ನಾವು ಪ್ರತಿ ಸರದಿಗೆ 1,500 ರೂಪಾಯಿ ಕೊಡುತ್ತೇವೆ, ನಿಲ್ದಾಣದಿಂದ ಆಟೋಗೆ, ಊಟಕ್ಕೆ, ಮತ್ತು ಜೊತೆಗೆ ಹೋಗುವ ಮಗ ಕಳೆದುಕೊಳ್ಳುವ ಎರಡು ದಿನದ ಕೂಲಿಯ ಒಂದು ಪಾಲಿಗೆ. ಕೂಲಿಗೆಂದು ದತ್ತಿಯ ಹಣ ಕೊಡಬಹುದೇ ಎಂದು ನಮ್ಮ ಸಭೆಯಲ್ಲಿ ದೀರ್ಘ ಚರ್ಚೆಯಾಯಿತು. ಮಗ ಜೊತೆಗೆ ಹೋಗದಿದ್ದರೆ ತಾಯಿಯೂ ಹೋಗುವುದಿಲ್ಲ ಎಂದ ಮೇಲೆ ಅದು ಔಷಧಿಯಷ್ಟೇ ಅಗತ್ಯದ ಖರ್ಚು ಎಂಬುದು ನನ್ನ ವಾದವಾಗಿತ್ತು, ಇಂದಿಗೂ ಅದೇ ನನ್ನ ಅಭಿಪ್ರಾಯ.

ಹಣವನ್ನು ಯಾರ ಕೈಗೆ ಕೊಡಬೇಕು ಎಂಬ ಪ್ರಶ್ನೆಯನ್ನು ಎಲ್ಲ ಸಣ್ಣ ನಿಧಿಗಳೂ ಎದುರಿಸುತ್ತವೆ. ಆಸ್ಪತ್ರೆಯ ಬಿಲ್ಲು, ಔಷಧಿ ಅಂಗಡಿಯ ಬಾಕಿ, ಕಾಲೇಜಿನ ಶುಲ್ಕ ಇವುಗಳಿಗೆ ನಾವು ಆಯಾ ಸಂಸ್ಥೆಯ ಖಾತೆಗೇ ಹಾಕುತ್ತೇವೆ. ಶುಲ್ಕದ ಅರ್ಜಿಯಾದರೆ ಅದಕ್ಕೂ ಮೊದಲು ರಾಜ್ಯ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದಾರೆಯೇ, ತಂದೆ ಅಥವಾ ತಾಯಿಗೆ ಕಟ್ಟಡ ಕಾರ್ಮಿಕರ ಕಾರ್ಡ್ ಇದೆಯೇ ಎಂದು ಕೇಳುತ್ತೇವೆ, ಏಕೆಂದರೆ ಆ ಕಲ್ಯಾಣ ಮಂಡಳಿಯಿಂದಲೂ ಮಕ್ಕಳ ಓದಿಗೆ ಸಹಾಯವಿದೆ. ದಿನಸಿ, ಬಾಡಿಗೆ, ಪ್ರಯಾಣ ಇವುಗಳಿಗೆ ಮನೆಯ ಹೆಂಗಸಿನ ಖಾತೆಗೆ ಹಾಕುತ್ತೇವೆ ಮತ್ತು ರಸೀದಿ ಕೇಳುವುದಿಲ್ಲ. ಅಕ್ಕಿ ಬೇಳೆಯ ಕಿಟ್ ಕೊಡುವುದನ್ನು ನಾವು ಕೋವಿಡ್ ಕಾಲದ ನಂತರ ಬಿಟ್ಟೆವು. ಪಡಿತರದಲ್ಲಿ ಅಕ್ಕಿ ಬರುತ್ತಿರುವ ಮನೆಗೆ ಮತ್ತೊಂದು ಚೀಲ ಅಕ್ಕಿ ಹೊತ್ತುಕೊಂಡು ಹೋಗಿ, ಅವರಿಗೆ ಬೇಕಾಗಿದ್ದ ಗ್ಯಾಸ್ ಸಿಲಿಂಡರಿಗೆ ಹಣವಿಲ್ಲದಿರುವುದನ್ನು ನೋಡಿಕೊಂಡು ಬಂದ ಮೇಲೆ, ತಮ್ಮ ಮನೆಗೆ ಏನು ಬೇಕೆಂಬುದು ಅವರಿಗೇ ಚೆನ್ನಾಗಿ ಗೊತ್ತಿದೆ ಎಂಬುದನ್ನು ಒಪ್ಪಿಕೊಂಡೆವು.

ಬಿಲ್ಲುಗಳ ಮೂಲ ಪ್ರತಿಯನ್ನು ನಾವು ಇಟ್ಟುಕೊಳ್ಳುವುದಿಲ್ಲ. ಮುಂದೆ ಮುಖ್ಯಮಂತ್ರಿಗಳ ಪರಿಹಾರ ನಿಧಿಗೋ ಬೇರೆ ಟ್ರಸ್ಟಿಗೋ ಅರ್ಜಿ ಹಾಕುವಾಗ ಅವರಿಗೆ ಅದು ಬೇಕು. ನಾವು ಕೊಟ್ಟ ಮೊತ್ತವನ್ನು ನಮ್ಮ ಪತ್ರದಲ್ಲಿ ಬರೆದುಕೊಟ್ಟರೆ ಸಾಕು.

ನಿಧಿಗೆ ಹಣ ಬರುವ ಕಡೆಯೂ ಅಚ್ಚುಕಟ್ಟಾಗಿರಬೇಕು. ಆದಾಯ ತೆರಿಗೆ ಇಲಾಖೆಯಿಂದ ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡುವ 12ಎ ನೋಂದಣಿ ಮತ್ತು ದಾನಿಗಳಿಗೆ ವಿನಾಯಿತಿ ಕೊಡುವ 80ಜಿ ಅನುಮೋದನೆ ಪಡೆದ ಮೇಲೆ ನಮ್ಮ ಊರಿನಿಂದ ಬೆಂಗಳೂರಿಗೆ ಹೋಗಿ ನೆಲೆಸಿದವರ ದೇಣಿಗೆ ಹೆಚ್ಚಿತು. ಒಬ್ಬ ದಾನಿಗೆ 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಯ ಮೇಲೆ ತೆರಿಗೆ ವಿನಾಯಿತಿ ಸಿಗುವುದಿಲ್ಲವೆಂದು ಮೊದಲೇ ತಿಳಿಸಿ, ಬ್ಯಾಂಕ್ ಮೂಲಕವೇ ಕಳಿಸಲು ಕೇಳುತ್ತೇವೆ. ಟ್ರಸ್ಟಿಗಳ ಸಂಬಂಧಿಕರಿಗೆ ನಿಧಿಯಿಂದ ಏನೂ ಹೋಗುವುದಿಲ್ಲ. ಊರಲ್ಲಿ ಎಲ್ಲರೂ ಒಂದಲ್ಲ ಒಂದು ರೀತಿಯಲ್ಲಿ ನೆಂಟರೇ ಆದ್ದರಿಂದ ಈ ನಿಯಮ ಪಾಲಿಸುವುದು ಹೇಳಿದಷ್ಟು ಸುಲಭವಲ್ಲ. ನನ್ನ ಸೋದರತ್ತೆಯ ಮಗನ ಮನೆಗೆ ಅಂಥ ಕಷ್ಟ ಬಂದಾಗ ನಾನು ನನ್ನ ಪಿಂಚಣಿಯಿಂದ ಕೊಟ್ಟೆ, ನಿಧಿಯ ಪುಸ್ತಕದಲ್ಲಿ ಆ ಹೆಸರು ಬರಲಿಲ್ಲ.

ಅರ್ಜಿಗೆ ಎಷ್ಟು ದಿನದಲ್ಲಿ ಉತ್ತರಿಸುತ್ತೇವೆ ಎಂಬುದನ್ನು ನಾವು ಬರೆದಿಟ್ಟಿದ್ದೇವೆ. 5,000 ರೂಪಾಯಿವರೆಗಿನದನ್ನು ಭೇಟಿಗೆ ಹೋದ ಇಬ್ಬರೇ ಎರಡು ದಿನದೊಳಗೆ ತೀರ್ಮಾನಿಸಬಹುದು, ಅದಕ್ಕಿಂತ ಹೆಚ್ಚಿನದಕ್ಕೆ ತಿಂಗಳ ಮೊದಲ ಭಾನುವಾರದ ಸಭೆ. ಕೊಡಲಾಗದ ಅರ್ಜಿಗಳೂ ಇರುತ್ತವೆ: ಮದುವೆಯ ಖರ್ಚಿನದು, ವ್ಯಾಪಾರದ ನಷ್ಟದ್ದು, ಸಾಲದ್ದು. ಅಂಥವರಿಗೂ ಒಂದು ವಾರದೊಳಗೆ, ನೆರವು ಕೊಡುವಾಗ ಮನೆಗೆ ಹೋಗುವಂತೆಯೇ ಹೋಗಿ, ಆಗುವುದಿಲ್ಲ ಎಂದು ಕಾರಣದೊಂದಿಗೆ ಹೇಳುತ್ತೇವೆ. ಹಿಂದೆ ಒಮ್ಮೆ ಹೇಳಲು ಸಂಕೋಚವಾಗಿ ಎರಡು ತಿಂಗಳು ಸುಮ್ಮನಿದ್ದೆವು, ಆ ಮನೆಯವರು ನಮ್ಮ ಹಣ ಬರುತ್ತದೆಂದು ನಂಬಿ ಬೇರೆ ಎಲ್ಲಿಯೂ ಕೇಳದೆ ಕಾದಿದ್ದರು. ಈ ಸಲ ಹಾಗೆ ಹೇಳಲು ಹೋದ ಮನೆಯಲ್ಲಿ, ಹೇಳಬೇಕಾದ್ದನ್ನು ಹೇಳಿ ಮುಗಿಸಿದ ಮೇಲೂ ನಾವು ಎದ್ದು ಬರಲಿಲ್ಲ. ‘ಹೇಗೂ ಬಂದಿದೀರಿ ಮೇಡಂ, ಇದನ್ನೂ ಒಂದ್ಸಲ ನೋಡಿ’ ಎಂದು ಮನೆಯ ಯಜಮಾನಿ ಟ್ರಂಕಿನಿಂದ ಕಾಗದದ ಚೀಲ ತೆಗೆದರು, ನಾನು ಕನ್ನಡಕ ಹಾಕಿಕೊಂಡು ಪಾಸ್‌ಬುಕ್ಕಿನ ಮೊದಲ ಪುಟದಿಂದ ಓದತೊಡಗಿದೆ.