ಹರಿತವಾದ ಬಾಯಿ ಹೊಳೆಯುವುದಿಲ್ಲ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿರುವ ಮೆಟ್ಟುಗತ್ತಿ, ಅಂದರೆ ಈಳಿಗೆಮಣೆ, ಅಜ್ಜಿಯ ಕಾಲದ್ದು. ಊರಿನ ಕುಲುಮೆಯಲ್ಲಿ ಬಡಿದ ಅಲಗು, ಹಲಸಿನ ಮರದ ಮಣೆ. ಎರಡು ವರ್ಷದ ಹಿಂದೆ, ಮಳೆ ಹಿಡಿಯುವ ಮುಂಚೆ, ಅಮ್ಮ ಅದನ್ನು ಪೇಟೆಗೆ ಕಳಿಸಿ ಸಾಣೆ ಹಿಡಿಸಿದರು. ಮನೆಗೆ ಬಂದಾಗ ಥಳಥಳ ಎನ್ನುತ್ತಿತ್ತು. ಆದರೆ ಬಾಯಿಯ ನಡುವೆ ನಾಲ್ಕು ಬೆರಳು ಉದ್ದಕ್ಕೆ ನವಿಲುಗರಿಯಂಥ ನೀಲಿ ಬಣ್ಣ ಬಂದಿತ್ತು. ಎರಡೇ ದಿನಕ್ಕೆ ಆ ಜಾಗ ಬಾಳೆಕಾಯಿಯನ್ನೂ ಹೆಚ್ಚದಷ್ಟು ಮೊಂಡಾಯಿತು.

ನೀಲಿ ಬಂತೆಂದರೆ ಅಲ್ಲಿ ಹದ ಹೋಯಿತು ಎಂದೇ ಅರ್ಥ. ತಿರುಗುವ ಒಣ ಚಕ್ರಕ್ಕೆ ಒತ್ತಿ ಹಿಡಿದರೆ ತೆಳುವಾದ ಬಾಯಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕಾಯುತ್ತದೆ. ಕಮ್ಮಾರ ಕಾಯಿಸಿ, ನೀರಿನಲ್ಲಿ ಅದ್ದಿ ಕೊಟ್ಟಿದ್ದ ಗಡಸುತನ ಅಲ್ಲಿಗೆ ಇಳಿದುಹೋಗುತ್ತದೆ. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಮೆತ್ತಗಾದ ಭಾಗವನ್ನು ಪೂರ್ತಿ ಸವೆಸಿ ಒಳಗಿನ ಗಟ್ಟಿ ಉಕ್ಕಿಗೆ ಹೋಗುವುದೊಂದೇ ದಾರಿ. ಕತ್ತಿಯನ್ನು ನಾನು ಮೈಸೂರಿಗೆ ತಂದೆ.

ಅಷ್ಟರಲ್ಲಿ ಡೈಮಂಡ್ ಕಲ್ಲಿನಲ್ಲಿ ಅಡುಗೆಮನೆಯ ಚಾಕು ಮಸೆಯುವ ಅಭ್ಯಾಸ ನನಗೆ ನಾಲ್ಕು ವರ್ಷದಿಂದ ಇತ್ತು. ಕಲ್ಲು ಎನ್ನುತ್ತೇವೆ, ಅದು ಕಲ್ಲಲ್ಲ, ಉಕ್ಕಿನ ತಗಡು. ಅದರ ಮೇಲೆ ಕೃತಕ ವಜ್ರದ ಹರಳುಗಳನ್ನು ನಿಕಲ್ ಲೇಪದಲ್ಲಿ ಕೂರಿಸಿರುತ್ತಾರೆ. ವಜ್ರವನ್ನು ಪ್ರಯೋಗಾಲಯದಲ್ಲಿ ಮಾಡಬಹುದು ಎಂದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಜ್ಞಾನಿಗಳು 1954ರಲ್ಲಿ ತೋರಿಸಿಕೊಟ್ಟರು. ಅದರಿಂದ ಬೆಳೆದ ಉದ್ಯಮದ ಪುಡಿಯೇ ಇಂದು ನಮ್ಮ ಸಿಂಕಿನ ಪಕ್ಕಕ್ಕೆ ಬಂದು ಕೂತಿದೆ. ನನ್ನ ಬಳಿ ಇರುವುದು ಮೂರು: 325, 600 ಮತ್ತು 1200 ಗ್ರಿಟ್. ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನುಣುಪು. ಹರಳಿನ ಗಾತ್ರ ಕ್ರಮವಾಗಿ ಸುಮಾರು 45, 25 ಮತ್ತು 9 ಮೈಕ್ರಾನ್. ಸಾಮಾನ್ಯ ಸಾಣೆಕಲ್ಲು ಬಳಸುತ್ತ ಹೋದಂತೆ ನಡುವೆ ತಗ್ಗು ಬೀಳುತ್ತದೆ, ಇದು ಸಮತಟ್ಟಾಗಿಯೇ ಉಳಿಯುತ್ತದೆ. ಗಂಟೆಗಟ್ಟಲೆ ನೆನೆಹಾಕುವ ಗೋಜೂ ಇಲ್ಲ. ಎರಡು ಚಮಚ ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ದ್ರವ ಸೇರಿಸಿ ಸವರಿದರೆ ಸಾಕು.

ಮೊದಲ 325ರ ತಗಡನ್ನು ನಾನೇ ಹಾಳು ಮಾಡಿದೆ. ಹಳೆಯ ಸಾಣೆಕಲ್ಲಿನ ರೂಢಿಯಲ್ಲಿ ಮೈಭಾರ ಬಿಟ್ಟು ಉಜ್ಜಿದೆ. ವಾರದೊಳಗೆ ನಡುಭಾಗ ನುಣ್ಣಗಾಗಿ ಚಾಕು ಗಾಜಿನ ಮೇಲೆ ಜಾರಿದಂತೆ ಜಾರತೊಡಗಿತು. ಸವೆದದ್ದು ವಜ್ರವಲ್ಲ. ಒತ್ತಡಕ್ಕೆ ನಿಕಲ್ ಹಿಡಿತ ಬಿಟ್ಟು ಹರಳುಗಳು ಕಿತ್ತುಬಂದಿದ್ದವು. ಹೊಸ ತಗಡು ಮೊದಮೊದಲು ಹೇಳಿದ್ದಕ್ಕಿಂತ ಒರಟಾಗಿ ಕೆರೆಯುವುದು ಸಹಜ, ನಾಲ್ಕಾರು ಚಾಕು ಮಸೆದ ಮೇಲೆ ತಾನಾಗಿ ಪಳಗುತ್ತದೆ. ಅದನ್ನು ಒತ್ತಿ ಪಳಗಿಸಲು ಹೋಗಬಾರದು. ಈಗ ನಾನು ಚಾಕಿನ ತೂಕದ ಮೇಲೆ ಎರಡು ಬೆರಳಿನ ಭಾರ ಮಾತ್ರ ಇಡುತ್ತೇನೆ. ಕೊನೆಯ ಹತ್ತು ಎಳೆತಗಳಲ್ಲಿ ಅದನ್ನೂ ತೆಗೆಯುತ್ತೇನೆ.

ಚಾಕು ಕೈಗೆ ಬಂದ ಕೂಡಲೇ ದೀಪದ ಕೆಳಗೆ ಬಾಯಿಯನ್ನು ಮೇಲ್ಮುಖವಾಗಿ ಹಿಡಿದು ನೋಡುವುದು ನನ್ನ ಪದ್ಧತಿ. ಮೊಂಡಾದ ಕಡೆ ಬೆಳಕು ಬಿದ್ದು ಸಣ್ಣ ಗೆರೆ ಹೊಳೆಯುತ್ತದೆ, ಚೂರು ಹಾರಿದ ಕಡೆ ಚುಕ್ಕಿ ಮಿನುಗುತ್ತದೆ. ಹರಿತವಾದ ಬಾಯಿಗೆ ಬೆಳಕನ್ನು ಹಿಂದಿರುಗಿಸುವಷ್ಟು ಅಗಲವೇ ಇರುವುದಿಲ್ಲ. ಅದು ಕಣ್ಣಿಗೆ ಕಾಣುವುದೇ ಇಲ್ಲ. ಈ ಒಂದು ಪರೀಕ್ಷೆ ಗೊತ್ತಿದ್ದರೆ ಎಲ್ಲಿ ಎಷ್ಟು ಕೆಲಸ ಬಾಕಿ ಇದೆ ಎಂದು ಚಾಕುವೇ ಹೇಳುತ್ತದೆ.

ಕೋನದ ವಿಷಯದಲ್ಲಿ ಹೊಸಬರು ಬೇಡದಷ್ಟು ಹೆದರುತ್ತಾರೆ. ಅಲಗಿನ ಅಗಲ 4 ಸೆಂಟಿಮೀಟರ್ ಇದ್ದು, ಬೆನ್ನನ್ನು ಕಲ್ಲಿನಿಂದ 1 ಸೆಂಟಿಮೀಟರಿನಷ್ಟು ಎತ್ತಿದರೆ ಹೆಚ್ಚುಕಡಿಮೆ 15 ಡಿಗ್ರಿ ಆಯಿತು. ತರಕಾರಿ ಚಾಕಿಗೆ ಅಷ್ಟು ಸಾಕು. ಎತ್ತಿದ್ದು ಸರಿಯೋ ಎಂದು ತಿಳಿಯಲು ಬಾಯಿಯ ಇಳಿಜಾರಿಗೆ ಕಪ್ಪು ಮಾರ್ಕರ್ ಬಳಿದು ಎರಡು ಸಲ ಎಳೆದು ನೋಡುತ್ತೇನೆ. ಮಸಿ ಮೇಲುಗಡೆ ಮಾತ್ರ ಹೋಗಿದ್ದರೆ ಬೆನ್ನನ್ನು ಇನ್ನಷ್ಟು ಎತ್ತಬೇಕು, ಅಂಚಿನಲ್ಲಿ ಮಾತ್ರ ಹೋಗಿದ್ದರೆ ಇಳಿಸಬೇಕು. ಕೈ ಕೂತ ಮೇಲೆ ಮಾರ್ಕರ್ ಬೇಕಾಗುವುದಿಲ್ಲ, ಸದ್ದೇ ಸಾಕು. ಕೋನ ತಪ್ಪಿದ ಕ್ಷಣ ಸದ್ದಿನ ದನಿ ಬದಲಾಗುತ್ತದೆ.

ಒಂದು ಬದಿ ಮಸೆಯುತ್ತ ಹೋದಂತೆ ಅಂಚಿನ ತೆಳು ಲೋಹ ಇನ್ನೊಂದು ಬದಿಗೆ ಮಗುಚಿಕೊಳ್ಳುತ್ತದೆ. ಕಣ್ಣಿಗೆ ಕಾಣದಿದ್ದರೂ, ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ, ಅಡ್ಡಲಾಗಿ, ಹಗುರವಾಗಿ ಜಾರಿಸಿದರೆ ಉಗುರಿನ ಸಿಬಿರಿನಂತೆ ತಡೆಯುತ್ತದೆ. ಹಿಡಿಯಿಂದ ತುದಿಯವರೆಗೆ ಎಲ್ಲೂ ಬಿಡದೆ ಅದು ಸಿಕ್ಕುವ ತನಕ ಬದಿ ಬದಲಿಸುವುದಿಲ್ಲ. ಮನೆಯಲ್ಲಿ ಮಸೆದ ಚಾಕು ಹರಿತವಾಗಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಇಲ್ಲಿಯೇ ಅವಸರ ಮಾಡಿರುತ್ತಾರೆ. ಎರಡೂ ಬದಿಯಲ್ಲಿ ಸಿಕ್ಕಿತೆಂದರೆ ಮುಂದಿನ ಕಲ್ಲುಗಳ ಕೆಲಸ ಸುಲಭ. 600, ಆಮೇಲೆ 1200. ಕೊನೆಗೆ ಬದಿ ಬದಲಿಸುತ್ತ ಗರಿ ಸವರಿದಂತೆ ಎಳೆದು ಆ ಸಿಬಿರನ್ನು ಕಳೆಯಬೇಕು. ಉಳಿದ ಚೂರುಪಾರು ಹಳೆಯ ಚರ್ಮದ ಬೆಲ್ಟಿನ ಒರಟು ಬದಿಯಲ್ಲಿ, ಬಾಯಿ ಹಿಂದಾಗಿ ಎಳೆದರೆ ಹೋಗುತ್ತದೆ. ಸಿಬಿರನ್ನು ಹಾಗೇ ಬಿಟ್ಟರೆ ಮೊದಲ ಟೊಮೆಟೊ ಚೆನ್ನಾಗಿ ಕೊಯ್ಯುತ್ತದೆ, ಮರುದಿನ ಮತ್ತೆ ಮೊಂಡು.

ಇಷ್ಟೆಲ್ಲ ಮಾಡಿದ ಚಾಕುವನ್ನು ಗ್ರಾನೈಟ್ ಕಟ್ಟೆಯ ಮೇಲೆ, ಸ್ಟೀಲ್ ತಟ್ಟೆಯಲ್ಲಿ ಇಟ್ಟು ಹೆಚ್ಚುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಒಂದು ಮರದ ಹಲಗೆ ಕೊಳ್ಳಿ, ದಯವಿಟ್ಟು.

ಈಗ ಮೆಟ್ಟುಗತ್ತಿಗೆ ಬರುತ್ತೇನೆ. ಇಲ್ಲಿ ಅಲಗು ನಿಂತಿರುತ್ತದೆ, ಕಲ್ಲನ್ನೇ ಅದರ ಬಳಿಗೆ ಒಯ್ಯಬೇಕು. ಬಾಗಿದ ಅಲಗಿಗೆ ದೊಡ್ಡ ತಗಡು ಹೊಂದುವುದಿಲ್ಲ. ಎರಡು ಬೆರಳು ಅಗಲದ ಒಂದು ಡೈಮಂಡ್ ಪಟ್ಟಿಯನ್ನು ಮರದ ತುಂಡಿಗೆ ಅಂಟಿಸಿ ಹಿಡಿ ಮಾಡಿಕೊಂಡೆ. ಮಣೆಯನ್ನು ಮೇಜಿಗೆ ಕ್ಲಾಂಪ್ ಹಾಕಿ ಬಿಗಿದೆ, ಕೈಗೆ ದಪ್ಪ ಚರ್ಮದ ಗ್ಲೌಸ್ ತೊಟ್ಟೆ. ಅಲ್ಲಾಡುವ ಮಣೆಯ ಮೇಲೆ ಈ ಕೆಲಸಕ್ಕೆ ಕೈ ಹಾಕಲೇಬಾರದು.

ಮೊದಲು ಪಟ್ಟಿಯನ್ನು ಬಾಯಿಗೆ ನೇರವಾಗಿ, ಇಳಿಜಾರಿಲ್ಲದೆ ಹಿಡಿದು ಉಜ್ಜಿದೆ. ಇದ್ದ ಅಲ್ಪಸ್ವಲ್ಪ ಹರಿತವನ್ನೂ ಹೀಗೆ ಕೊಲ್ಲುವಾಗ ಮನಸ್ಸು ಹಿಂಜರಿಯುತ್ತದೆ. ಆದರೂ ನೀಲಿಯ ಜಾಗವನ್ನಷ್ಟೇ ತೆಗೆದರೆ ಅಲ್ಲಿ ತಗ್ಗಾಗುತ್ತದೆ. ಇಡೀ ಬಾಯಿಯನ್ನು ಒಂದೇ ಬಾಗಿಗೆ ತರಬೇಕು. ಗಡಸುತನ ನೋಡಲು ಹಳೆಯ ಅರವೊಂದನ್ನು (ಲೋಹ ಉಜ್ಜುವ ಫೈಲ್) ಇಟ್ಟುಕೊಂಡಿದ್ದೆ. ಮೆತ್ತಗಿನ ಜಾಗದಲ್ಲಿ ಅರ ಕಚ್ಚಿ ಹಿಡಿಯುತ್ತದೆ, ಹದ ಉಳಿದ ಉಕ್ಕಿನ ಮೇಲೆ ಕಿರ್ ಎಂದು ಜಾರುತ್ತದೆ. ಬಣ್ಣ ಎರಡನೆಯ ಸಂಜೆಗೇ ಮಾಯವಾಯಿತು, ಅರ ಮಾತ್ರ ಇನ್ನೂ ಕಚ್ಚುತ್ತಿತ್ತು. ಬಣ್ಣವನ್ನಷ್ಟೇ ನಂಬಿ ನಿಲ್ಲಿಸಿದ್ದರೆ ಕೆಲಸ ವ್ಯರ್ಥವಾಗುತ್ತಿತ್ತು. ನಾಲ್ಕನೆಯ ಸಂಜೆ, ಸುಮಾರು 3 ಮಿಲಿಮೀಟರ್ ಸವೆದ ಮೇಲೆ, ಬಾಯಿಯ ಉದ್ದಕ್ಕೂ ಅರ ಜಾರಿತು.

ಆಗ ಬಾಯಿಯ ಜಾಗದಲ್ಲಿ ಉಳಿದಿದ್ದು ಬಳಪದ ಗೆರೆಯಷ್ಟು ಅಗಲದ ಹೊಳೆಯುವ ಪಟ್ಟೆ. ಎರಡೂ ಬದಿಯಿಂದ, ಚಾಕಿಗಿಂತ ಸ್ವಲ್ಪ ಹೆಚ್ಚಿನ ಕೋನದಲ್ಲಿ, ಆ ಪಟ್ಟೆಯನ್ನು ತೆಳ್ಳಗೆ ಮಾಡುತ್ತ ಹೋದೆ. ಪಟ್ಟೆ ದಾರವಾಯಿತು, ದಾರ ಅಲ್ಲಲ್ಲಿ ತುಂಡಾಯಿತು, ಕೊನೆಯ ಚುಕ್ಕಿ ಬುಡದ ಹತ್ತಿರ ಬಹಳ ಹೊತ್ತು ಹಟ ಹಿಡಿದು ಕೂತಿತ್ತು. ನಡುನಡುವೆ ಪಟ್ಟಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷು, ಸೋಪಿನಿಂದ ತೊಳೆದೆ. ಕಪ್ಪು ಲೋಹದ ಕೆಸರು ತುಂಬಿಕೊಂಡರೆ ವಜ್ರ ಮುಟ್ಟುವುದೇ ಇಲ್ಲ. ಐದನೆಯ ಸಂಜೆ ದೀಪದ ಕೆಳಗೆ ಎಷ್ಟು ತಿರುಗಿಸಿದರೂ ಎಲ್ಲಿಯೂ ಹೊಳಪು ಕಾಣಲಿಲ್ಲ. ಒರೆಸಿ, ಒಣಗಿಸಿ, ತೆಳುವಾಗಿ ಕೊಬ್ಬರಿ ಎಣ್ಣೆ ಸವರಿದೆ. ಸ್ಟೇನ್‌ಲೆಸ್ ಅಲ್ಲದ ಅಲಗನ್ನು ಮಲೆನಾಡಿನ ಮಳೆಗಾಲದಲ್ಲಿ ಒದ್ದೆಯಾಗಿ ಬಿಟ್ಟರೆ ಬೆಳಗಾಗುವುದರೊಳಗೆ ತುಕ್ಕು ಹಿಡಿಯುತ್ತದೆ.

ಊರಿಗೆ ಒಯ್ದ ದಿನ ಅಮ್ಮ ಏನೂ ಹೇಳದೆ ಮಣೆಯ ಮೇಲೆ ಕೂತು ಬಾಳೆದಿಂಡನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ, ಪ್ರತಿ ಬಿಲ್ಲೆಯ ನಾರನ್ನು ಬೆರಳಿಗೆ ಸುತ್ತಿ ತೆಗೆಯುತ್ತ ಹೋದರು. ಅರ್ಧ ದಿಂಡು ಮುಗಿದ ಮೇಲೆ, "ಇನ್ನು ಇದನ್ನು ಪೇಟೆಗೆ ಕಳಿಸುವುದು ಬೇಡ" ಎಂದರು. ಈಗ ಎರಡು ತಿಂಗಳಿಗೊಮ್ಮೆ ಊರಿಗೆ ಹೋದಾಗ 1200ರ ಪಟ್ಟಿ ನನ್ನ ಚೀಲದಲ್ಲಿ ಇರುತ್ತದೆ. ಬದಿಗೆ ಹತ್ತು ಹದಿನೈದು ಸಲ ಸವರಿದರೆ ಬಾಯಿ ಮರಳುತ್ತದೆ. 325ನ್ನು ಆಮೇಲೆ ಅದಕ್ಕೆ ತಾಗಿಸಿಲ್ಲ.