ಬೇರು ಗೊಬ್ಬರವನ್ನು ಒಳಗೆಳೆಯುವುದು ಹೇಗೆ? ಎರಡು ಕುಂಡಗಳಲ್ಲಿ ನೋಡಿ

ಕೊಡಗಿನಲ್ಲಿ ಮುಂಗಾರು ಹಿಡಿಯಿತೆಂದರೆ ತೋಟದ ತಗ್ಗುಗಳಲ್ಲಿ ದಿನಗಟ್ಟಲೆ ನೀರು ನಿಲ್ಲುತ್ತದೆ. ಅಲ್ಲಿನ ಕಾಫಿ ಗಿಡದ ಎಲೆ ಹಳದಿಯಾದಾಗ ನಮ್ಮ ಕೈ ಮೊದಲು ಹೋಗುವುದು ಗೊಬ್ಬರದ ಚೀಲಕ್ಕೆ. ಮಣ್ಣಿನಲ್ಲಿ ಗೊಬ್ಬರವಿದ್ದರೂ ಅದನ್ನು ಎಳೆದುಕೊಳ್ಳುವ ಕಸುವು ಬೇರಿಗೆ ಇಲ್ಲದಿರಬಹುದು. ಇದನ್ನು ಅಂಗಳದಲ್ಲೇ ಪರೀಕ್ಷಿಸಬಹುದು.

ಒಂದೇ ಅಳತೆಯ ಎರಡು ಕುಂಡಗಳಿಗೆ ಒಂದೇ ಮಣ್ಣು ತುಂಬಿ, ಒಂದೇ ಪಾತಿಯಿಂದ ಕಿತ್ತ ಮೆಣಸಿನಕಾಯಿ ಸಸಿಗಳನ್ನು ನೆಡಿ. ಮಳೆ ಎರಚದ ಸೂರಿನಡಿ, ಬೆಳಕು ಬೀಳುವಲ್ಲಿ ಇಡಿ. ಸಸಿ ಬೇರೂರಿ ಹೊಸ ಎಲೆ ಬಿಟ್ಟ ಮೇಲೆ ಒಂದು ಕುಂಡದ ತಳದ ತೂತನ್ನು ಮೇಣದಿಂದ ಮುಚ್ಚಿ, ಮಣ್ಣಿನ ಮೇಲೆ ಬೆರಳಗಲ ನೀರು ಸದಾ ನಿಂತಿರುವಂತೆ ನೋಡಿಕೊಳ್ಳಿ. ಇನ್ನೊಂದಕ್ಕೆ ಎಂದಿನಂತೆ ನೀರು ಹಾಕಿ.

ಕಾಯುವ ಹೊತ್ತಿನಲ್ಲಿ ಬೇರಿನೊಳಗಿನ ಕೆಲಸವನ್ನು ತಿಳಿಯೋಣ. ಪ್ರತಿ ಜೀವಕೋಶಕ್ಕೂ ಕೊಬ್ಬಿನ ಎರಡು ಪದರಗಳ ತೆಳು ಪೊರೆಯಿದೆ. ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಆಮ್ಲಜನಕ ಅದನ್ನು ತಾನಾಗಿ ದಾಟುತ್ತದೆ. ತಲಕಾವೇರಿಯಿಂದ ಭಾಗಮಂಡಲಕ್ಕೆ ಇಳಿದಂತೆ, ಕಷ್ಟವಿಲ್ಲ. ಗೊಬ್ಬರದ ಸಾರಜನಕ ಬೇರಿಗೆ ಸಿಗುವ ಒಂದು ರೂಪ ನೈಟ್ರೇಟ್; ಅದರ ದಾರಿ ಏರು. ಮಣ್ಣಿನ ನೀರಿನಲ್ಲಿ ಅದು ಸಾಮಾನ್ಯವಾಗಿ ಕಡಿಮೆ, ಕೋಶದೊಳಗೆ ಹೆಚ್ಚು. ಸಾಲದೆಂಬಂತೆ ಅದೂ ಋಣ ವಿದ್ಯುದಂಶದ್ದು, ಕೋಶದ ಒಳಭಾಗವೂ ಋಣವೇ.

ಇಲ್ಲಿ ಬೇರು ಮಾಡುವ ಉಪಾಯ ನನಗೆ ಎಷ್ಟು ಸಲ ಓದಿದರೂ ಬೆರಗು ತರುತ್ತದೆ. ಪೊರೆಯಲ್ಲಿ ಹುದುಗಿರುವ ಪ್ರೋಟೀನ್ ಪಂಪು ಎಟಿಪಿ ಎಂಬ ಇಂಧನ ಖರ್ಚು ಮಾಡಿ, ಧನ ವಿದ್ಯುದಂಶದ ಕಣಗಳಾದ ಪ್ರೋಟಾನ್‌ಗಳನ್ನು ಹೊರದಬ್ಬುತ್ತದೆ. ಕೆರೆಯ ನೀರನ್ನು ಗುಡ್ಡದ ಮೇಲಿನ ಟ್ಯಾಂಕಿಗೆ ಏರಿಸಿಟ್ಟ ಹಾಗೆ. ಹೊರಗೆ ಕೂಡಿದ ಪ್ರೋಟಾನ್‌ಗಳು ಒಳಗೆ ಮರಳಲು ತವಕಿಸುತ್ತವೆ. ಅವುಗಳಿಗೆ ತೆರೆದುಕೊಳ್ಳುವ ಇನ್ನೊಂದು ಪ್ರೋಟೀನ್, ಜೊತೆಯಲ್ಲೇ ನೈಟ್ರೇಟನ್ನೂ ಒಳಗೆ ಸೇರಿಸುತ್ತದೆ. ನಮ್ಮ ದೇಹದಲ್ಲಿರುವ ಪಂಪು ಬೇರೆ ಬಗೆಯದು: ಒಂದು ಎಟಿಪಿಗೆ 3 ಸೋಡಿಯಂ ಹೊರಗೆ, 2 ಪೊಟ್ಯಾಸಿಯಂ ಒಳಗೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಅದರ ಬಗ್ಗೆ ಪ್ರಕಟಿಸಿದರು. 1997ರಲ್ಲಿ ಅವರಿಗೆ ನೊಬೆಲ್ ಬಂತು.

ಎಟಿಪಿ ಹುಟ್ಟುವುದು ಉಸಿರಾಟದಿಂದ. ಗಾಳಿ ಸಿಕ್ಕರೆ ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ. ಗಾಳಿಯಿಲ್ಲದೆ ಬರೀ 2. ಮಣ್ಣಿನ ಸಂದುಗಳಲ್ಲಿ ನೀರು ತುಂಬಿದಾಗ ಬೇರು ಈ ಎರಡರಲ್ಲೇ ಬದುಕಬೇಕು. ಪಂಪು ಸೊರಗುತ್ತದೆ. ನಿಂತ ನೀರಿನಲ್ಲಿ ಮಣ್ಣಿನ ಸಾರಜನಕವೂ ಗಾಳಿಗೆ ಸೇರಿ ನಷ್ಟವಾಗುತ್ತದೆ, ಅದು ಇನ್ನೊಂದು ಪೆಟ್ಟು.

ಹಾಗಾದರೆ ಪಕ್ಕದ ಗದ್ದೆಯ ಭತ್ತ? ಅದರ ಬೇರಿನಲ್ಲಿ ಗಾಳಿಯ ಕೊಳವೆಗಳಿವೆ; ಎಲೆಯಿಂದ ಆಮ್ಲಜನಕ ಇಳಿದು ಬರುತ್ತದೆ. ಕಾಫಿಗೆ ಆ ಭಾಗ್ಯವಿಲ್ಲ.

ಎರಡು ವಾರಗಳ ಬಳಿಕ ಕುಂಡಗಳನ್ನು ಬೋರಲು ಹಾಕಿ, ಬೇರುಗಳನ್ನು ಮೆಲ್ಲಗೆ ತೊಳೆಯಿರಿ. ನೀರು ಬಸಿದ ಕುಂಡದ ಬೇರಿನ ತುದಿ ಬೆಳ್ಳಗೆ, ಗಟ್ಟಿಯಾಗಿರುತ್ತದೆ. ಮುಚ್ಚಿದ ಕುಂಡದ್ದು ಕಂದಾಗಿ, ಬೆರಳಿಗೆ ಸಿಪ್ಪೆ ಸುಲಿದು, ಕೊಳೆತ ವಾಸನೆ ಬೀರುತ್ತದೆ. ಆ ವಾಸನೆ ನಿಮ್ಮ ತೋಟದ ತಗ್ಗಿನಲ್ಲೂ ಬಂದರೆ ಗೊಬ್ಬರದ ಚೀಲ ಕಟ್ಟಿಟ್ಟು ಮೊದಲು ಬಸಿಗಾಲುವೆಯ ಹೂಳು ತೆಗೆಸಿ. ನೀರು ಇಳಿದು, ಹೊಸ ಬಿಳಿ ಬೇರು ಕಂಡ ಮೇಲೆ ಗೊಬ್ಬರ ಕೊಡಿ.