ಮೆಕಾಂಗ್ ದಂಡೆಯ ನಖೋನ್ ಫನೋಮ್: ದರ್ಶನಕ್ಕೆ ಹೊರಡುವವರಿಗೆ

ಥಾಯ್ಲೆಂಡಿನ ಈಶಾನ್ಯ ಗಡಿಯ ನಖೋನ್ ಫನೋಮ್ ಪ್ರಾಂತ್ಯಕ್ಕೆ ಹೋಗುವವರು, ಮುಖ್ಯ ಪಟ್ಟಣದಿಂದ ದಕ್ಷಿಣಕ್ಕೆ 50 ಕಿಲೋಮೀಟರಿಗೂ ಹೆಚ್ಚು ದೂರವಿರುವ ಥಾಟ್ ಫನೋಮ್ ಸ್ತೂಪವನ್ನು ಬಿಸಿಲೇರುವ ಮುನ್ನವೇ ತಲುಪುವಂತೆ ಹೊರಡಬೇಕು. ಬುದ್ಧನ ಎದೆಯ ಅಸ್ಥಿ ಇಲ್ಲಿದೆಯೆಂದು ಭಕ್ತರು ನಂಬುತ್ತಾರೆ. 1975ರ ಆಗಸ್ಟ್ ಮಳೆಯಲ್ಲಿ ಕುಸಿದ ಈ ಸ್ತೂಪವನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದು ಜನರ ಶ್ರದ್ಧೆಯೇ ಆದ್ದರಿಂದ, ಅವಸರಪಡದೆ ಒಂದು ಗಂಟೆಯಾದರೂ ಅಲ್ಲಿ ಕುಳಿತಿರುವುದು ಒಳ್ಳೆಯದು. ಭುಜ, ಮೊಣಕಾಲು ಮುಚ್ಚುವ ಉಡುಪು ಧರಿಸಿ, ಪಾದರಕ್ಷೆ ಕಳಚಿ, ನಮ್ಮ ಗುಡಿಗಳಲ್ಲಿರುವಂತೆ ಬಲಕ್ಕೆ ಪ್ರದಕ್ಷಿಣೆ ಮಾಡಿ; ಕುಳಿತಾಗ ಪಾದಗಳನ್ನು ವಿಗ್ರಹದತ್ತ ಚಾಚಬೇಡಿ. ಮರಳುವಾಗ ವಿಯೆಟ್ನಾಂ ಸ್ವಾತಂತ್ರ್ಯ ಹೋರಾಟದ ನಾಯಕ ಹೋ ಚಿ ಮಿನ್ 1920ರ ದಶಕದಲ್ಲಿ ತಂಗಿದ್ದ ನಾ ಚೋಕ್ ಹಳ್ಳಿಯನ್ನೂ, ವಿಯೆಟ್ನಾಮೀಯರು ಕಟ್ಟಿಸಿಕೊಟ್ಟ ಗಡಿಯಾರ ಗೋಪುರವನ್ನೂ ನೋಡಬಹುದು. ಸಂಜೆಯನ್ನು ಮಾತ್ರ ಮೆಕಾಂಗ್ ಹೊಳೆಯ ದಂಡೆಗೇ ಮೀಸಲಿಡಿ. ಆಚೆ ದಡದಲ್ಲಿ ಲಾವೋಸಿನ ಸುಣ್ಣಕಲ್ಲಿನ ಬೆಟ್ಟಗಳು ಕಾಣುತ್ತವೆ.